ತಿರುವಿ ಹೊಲಿದ ಎಂಟು ಚೌಕ

ನಾನು ಹೈಸ್ಕೂಲು ಸೇರುವ ಹೊತ್ತಿಗೆ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಮೈಮೇಲೆ ಏನೂ ಇಲ್ಲದೆ ಇದ್ದದ್ದು ಬಚ್ಚಲ ಹಂಡೆ ಒಂದೇ. ಮಿಕ್ಕಿದ್ದಕ್ಕೆಲ್ಲ ಅಮ್ಮ ಉಲ್ಲನ್ನಿನಲ್ಲಿ ಕ್ರೋಶಾ ಹಾಕಿ ಬಣ್ಣದ ಅಂಗಿ ತೊಡಿಸಿದ್ದಳು. ಟಿವಿಗೆ ಹೊದಿಕೆ, ಮಿಕ್ಸಿಗೆ ಕುಲಾವಿ, ಕುರ್ಚಿಗಳ ಬೆನ್ನಿಗೆ ಒಂದೊಂದು ಚೌಕ, ನೀರಿನ ಫಿಲ್ಟರಿನ ತಲೆಗೆ ಅಂಚುಕಟ್ಟಿದ ಇನ್ನೊಂದು. ಅಪ್ಪನ ಸ್ಕೂಟರಿನ ಸೀಟನ್ನೂ ಬಿಟ್ಟಿರಲಿಲ್ಲ. ಆಫೀಸಿನಲ್ಲಿ ಜೊತೆಯವರು ನಗುತ್ತಾರೆಂದು ಅಪ್ಪ ಅದನ್ನು ಬೀದಿಯ ತಿರುವಿನಲ್ಲಿ ತೆಗೆದು ಡಿಕ್ಕಿಯೊಳಗೆ ತುರುಕಿ, ಸಂಜೆ ಅದೇ ತಿರುವಿನಲ್ಲಿ ನಿಂತು ಮತ್ತೆ ಹೊದಿಸಿಕೊಂಡು ಬರುತ್ತಿದ್ದ. ಅಮ್ಮನಿಗೆ ಇದು ಗೊತ್ತಿತ್ತು. ಗೊತ್ತಿದೆ ಅನ್ನುವುದು ಅಪ್ಪನಿಗೆ ಗೊತ್ತಿರಲಿಲ್ಲ. ಈ ಹುಚ್ಚನ್ನು ಮನೆಯೊಳಕ್ಕೆ ಹೊತ್ತುಕೊಂಡು ಬಂದವಳು ನಾನೇ, ಹತ್ತು ವರ್ಷದವಳಿದ್ದಾಗ, ಮೈತುಂಬ ಎದ್ದ ಗುಳ್ಳೆಗಳ ಜೊತೆಯಲ್ಲಿ.

ಅದು ಬಾಡಿಗೆ ಮನೆ. ಮುಂದೆ ಒಂದು ಹಾಲ್, ಹಿಂದೆ ಅಡುಗೆಮನೆ, ಪಕ್ಕದಲ್ಲಿ ಒಂದು ಸಣ್ಣ ಕೋಣೆ. ಆ ಕೋಣೆಯ ಅರ್ಧ ಭಾಗವನ್ನು ನಿಟ್ಟೂರಿನ ನಮ್ಮ ತೋಟದಿಂದ ಬಂದ ತೆಂಗಿನಕಾಯಿ ಮೂಟೆಗಳು ಆಕ್ರಮಿಸಿದ್ದವು. ಮೂಟೆಗಳ ಹಿಂದೆಯೇ ಅಜ್ಜಿಯೂ ನಿಟ್ಟೂರಿನಿಂದ ಬಂದು ನೆಲೆಸಿದ್ದಳು. ಅಜ್ಜಿ ಅಂದರೆ ಅಪ್ಪನ ತಾಯಿ. ಮನೆ ಅಪ್ಪನ ಹೆಸರಿನಲ್ಲಿ ಬಾಡಿಗೆಗಿದ್ದರೂ ಆಳ್ವಿಕೆ ಅವಳದು. ಹೊಸಿಲ ಮೇಲೆ ನಿಲ್ಲಬಾರದು, ಬರೀ ಮೊರ ಬೀಸಬಾರದು, ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು. ಎಲ್ಲಕ್ಕಿಂತ ದೊಡ್ಡ ಕಾನೂನು ಎಡಗೈಯದು. ಎಡಗೈಯಲ್ಲಿ ಒಂದು ಲೋಟ ನೀರು ಕೊಟ್ಟರೂ ಅಜ್ಜಿ ತೆಗೆದುಕೊಳ್ಳುತ್ತಿರಲಿಲ್ಲ. ಕೊಟ್ಟವರು ಕೈ ಬದಲಾಯಿಸುವವರೆಗೆ ಗೋಡೆಯ ಕಡೆ ನೋಡುತ್ತಾ ಕೂತಿರುತ್ತಿದ್ದಳು, ಬಾಯಾರಿಕೆ ಯಾರಿಗೋ ಆಗಿದೆ ಅನ್ನುವಂತೆ.

ಅಪ್ಪನ ತಂಗಿ ಗಿರಿಜತ್ತೆಯನ್ನು ಹಿಂದಿನ ವರ್ಷ ಕುಣಿಗಲ್ಲಿಗೆ ಕೊಟ್ಟಿದ್ದರು. ಮದುವೆಗೆ ಮುಂಚೆ ನನಗೆ ಎರಡು ಜಡೆ ಹಾಕುತ್ತಿದ್ದವಳು, ಲೆಕ್ಕ ತಪ್ಪಿದಾಗ ಅಪ್ಪನ ಏಟಿನಿಂದ ಬಿಡಿಸುತ್ತಿದ್ದವಳು, ಹಸಿ ಹುಣಸೆಕಾಯಿಯನ್ನು ಕದ್ದು ಉಪ್ಪು ಹಚ್ಚಿ ತಿನ್ನಿಸುತ್ತಿದ್ದವಳು ಅವಳೇ. ಅವಳು ಹೋದ ಮೇಲೆ ನನ್ನ ಜಡೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಇರುತ್ತಿದ್ದವು. ಈಗ ಅವಳು ಬಸುರಿ, ಏಳನೇ ತಿಂಗಳಿಗೆ ಹೆರಿಗೆಗೆಂದು ಬರುತ್ತಾಳೆ ಅನ್ನುವ ಸುದ್ದಿ ಬಂದಾಗ ನಾನು ಕ್ಯಾಲೆಂಡರಿನಲ್ಲಿ ಗೀಟು ಹಾಕಲು ಶುರುಮಾಡಿದೆ. ಇನ್ನು ನಾಲ್ಕು ಗೀಟು ಇದೆ ಅನ್ನುವಾಗ ಜ್ವರ ಬಂತು. ಮಾರನೆಯ ದಿನ ಹೊಟ್ಟೆಯ ಮೇಲೆ ಗುಳ್ಳೆ ಕಂಡಿತು. ಅಜ್ಜಿ ನನ್ನ ಲಂಗ ಎತ್ತಿ ನೋಡಿ ಕೈ ಮುಗಿದಳು. ಮನೆಗೆ ಅಮ್ಮ ಬಂದಿದ್ದಾಳೆ ಎಂದಳು.

ದೇವಿ ಬಂದ ಮನೆಗೆ ಬೇರೆ ಕಾನೂನು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು, ನನ್ನ ಚಾಪೆಯ ಮೇಲೂ ಬೇವಿನ ಸೊಪ್ಪು ಹಾಸಿದರು. ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಅದರಿಂದ ಹೆಚ್ಚು ನರಳಿದವನು ಅಪ್ಪ. ನನಗಾದರೋ ಮೈ ಕೆರೆತ ಒಂದೇ, ಅವನಿಗೆ ದಿನಕ್ಕೆರಡು ಸಲ ಒಗ್ಗರಣೆಯಿಲ್ಲದ ಸಾರು. ಬಸುರಿ ಹೆಂಗಸು ಇಂಥ ಮನೆಗೆ ಕಾಲಿಡುವಂತಿಲ್ಲ ಎಂದು ಕುಣಿಗಲ್ಲಿಗೆ ಕಾಗದ ಹೋಯಿತು. ಅತ್ತೆಯ ಬರುವಿಕೆ ತಿಂಗಳು ಮುಂದಕ್ಕೆ ಹೋಯಿತು. ಯಾರೂ ನನ್ನನ್ನು ಬೈಯಲಿಲ್ಲ, ಬೈದರೆ ದೇವಿಗೆ ಬೈದ ಹಾಗೆ. ಆದರೆ ತೆಂಗಿನಕಾಯಿ ಮೂಟೆಗಳ ಪಕ್ಕದಲ್ಲಿ ಒಬ್ಬಳೇ ಬಿದ್ದುಕೊಂಡಿದ್ದ ನನಗೆ, ಅತ್ತೆ ಬಾರದೇ ಹೋದದ್ದು ನನ್ನಿಂದಲೇ ಅನ್ನುವುದು ಗುಳ್ಳೆಗಿಂತ ಹೆಚ್ಚು ಉರಿಯುತ್ತಿತ್ತು.

ಆ ಕೋಣೆಗೆ ಒಂದು ಕಿಟಕಿ. ಅದರ ಎದುರಿಗೇ, ಒಂದು ಸೈಕಲ್ಲು ಹೋಗುವಷ್ಟು ಅಗಲದ ಸಂದಿಯ ಆಚೆಗೆ, ಶಮೀಮ್ ಆಂಟಿಯ ಮನೆಯ ಕಿಟಕಿ. ಅವರ ಯಜಮಾನರಿಗೆ ಮಂಡಿಪೇಟೆಯಲ್ಲಿ ಬಳೆ ಅಂಗಡಿ. ಮಧ್ಯಾಹ್ನ ಅಡುಗೆ ಮುಗಿಸಿ ಆಂಟಿ ಕಿಟಕಿಯ ಕಟ್ಟೆಯ ಮೇಲೆ ಉಲ್ಲನ್ ಉಂಡೆ ಇಟ್ಟುಕೊಂಡು ಕೂರುತ್ತಿದ್ದರು. ಕೊಕ್ಕೆ ಮೂತಿಯ ಒಂದು ಸಣ್ಣ ಕಡ್ಡಿ, ಒಂದು ಎಳೆ ದಾರ. ನೋಡುತ್ತಿದ್ದಂತೆಯೇ ನಡುವಿನಿಂದ ಒಂದು ಹೂವು ಅರಳಿ, ಸುತ್ತ ಇನ್ನೊಂದು ಬಣ್ಣ, ಅದರ ಸುತ್ತ ಮತ್ತೊಂದು ಬಣ್ಣ ಬಂದು, ನಾಲ್ಕು ಮೂಲೆಯ ಚೌಕವಾಗಿ ನಿಲ್ಲುತ್ತಿತ್ತು. ಮೂರು ದಿನ ನಾನು ಕಣ್ಣು ಮಿಟುಕಿಸದೆ ನೋಡಿದೆ. ನಾಲ್ಕನೆಯ ದಿನ ಆಂಟಿ ತಮ್ಮ ಮಕ್ಕಳಿಗೆಲ್ಲ ಈ ಗುಳ್ಳೆ ಆಗಿಹೋಗಿದೆ, ಭಯವಿಲ್ಲ ಎಂದು ಅಮ್ಮನಿಗೆ ಹೇಳಿ, ಜೇಡರಬಲೆ ತೆಗೆಯುವ ಉದ್ದನೆಯ ಕೋಲಿನ ತುದಿಗೆ ಒಂದು ಕಡ್ಡಿಯನ್ನೂ ಕೆಂಪು ಉಲ್ಲನ್ನಿನ ಉಂಡೆಯನ್ನೂ ಕಟ್ಟಿ ನನ್ನ ಕಿಟಕಿಗೆ ಚಾಚಿದರು.

"ಕೆರ್ಕೋಬೇಡ ಬೇಟಾ, ಕೈಗೆ ಕೆಲ್ಸ ಕೊಡು. ನಾನ್ ಹೆಂಗ್ ಮಾಡ್ತೀನೋ ಹಂಗೇ ಮಾಡು."

ಅವರು ಮಾಡಿದ ಹಾಗೆಯೇ ಮಾಡಿದೆ. ಎಡವಟ್ಟು ಆದದ್ದು ಅಲ್ಲೇ. ಆಂಟಿ ಬಲಗೈಯವರು. ಎದುರಿಗೆ ಕೂತ ನನಗೆ ಅವರ ಕಡ್ಡಿ ಕಂಡದ್ದು ನನ್ನ ಎಡಗಡೆಯಲ್ಲಿ. ಕನ್ನಡಿಯಲ್ಲಿ ನೋಡಿಕೊಂಡು ಬೈತಲೆ ತೆಗೆಯುವವಳಂತೆ ನಾನೂ ಕಡ್ಡಿಯನ್ನು ಎಡಗೈಗೆ ತೆಗೆದುಕೊಂಡೆ. ಮೊದಲು ಸುತ್ತಿ ಒಂದು ಉಂಗುರ, ಅದರೊಳಗೆ ಮೂರು ಕಂಬ, ಎರಡು ಚೈನು, ಮತ್ತೆ ಮೂರು ಕಂಬ. ದಾರದ ನಿಂತ ಎಳೆಗಳಿಗೆ ಆಂಟಿ ಕಂಬ ಅನ್ನುತ್ತಿದ್ದರು, ಸರಪಳಿಯಂತೆ ಸಾಗುವ ಕುಣಿಕೆಗಳಿಗೆ ಚೈನು. ಮೂಲೆ ಬಂದಾಗ ಸಂದಿಯ ಆಚೆಯಿಂದ ಕೂಗುತ್ತಿದ್ದರು, ನಾನು ತಿರುಗಿಸುತ್ತಿದ್ದೆ. ಉಣ್ಣುವುದು, ಬರೆಯುವುದು, ಕಲ್ಲು ಹೊಡೆಯುವುದು ಎಲ್ಲ ಬಲಗೈಯಲ್ಲಿ ಮಾಡುವ ನಾನು ಕ್ರೋಶಾದಲ್ಲಿ ಮಾತ್ರ ಎಡಚಿಯಾದೆ. ಆಂಟಿ ನೋಡಿದ್ದರು. ಪಾಪ, ಹುಟ್ಟಾ ಎಡಚಿ ಇರಬೇಕು, ಮನೆಯಲ್ಲಿ ಏಟು ತಿಂದು ತಿಂದು ಸಾಕಾಗಿರುತ್ತದೆ, ನಾನೂ ಯಾಕೆ ಎತ್ತಿ ಆಡಲಿ ಎಂದು ಸುಮ್ಮನಿದ್ದರಂತೆ. ಅವರ ಒಳ್ಳೆಯತನದಿಂದ ನನ್ನ ತಪ್ಪು ಗಟ್ಟಿಯಾಗಿ ಬೇರುಬಿಟ್ಟಿತು.

ತಲೆಗೆ ನೀರು ಹಾಕಿದ ಮೇಲೆ ಹರಕೆಯೆಂದು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದರು. ಇಷ್ಟು ದಿನ ಕೋಣೆಯಲ್ಲಿ ಕೊಳೆತಿದ್ದವಳು ಗುಡಿಯ ಅಂಗಳ ಕಂಡದ್ದೇ ಓಡಲು ಶುರುಮಾಡಿದೆ, ಅದೂ ಉಲ್ಟಾ ದಿಕ್ಕಿನಲ್ಲಿ. ಅಜ್ಜಿ ನನ್ನ ರಟ್ಟೆ ಹಿಡಿದು ಜಗ್ಗಿ ನಿಲ್ಲಿಸಿ, ದೇವರು ಯಾವತ್ತೂ ಬಲಗೈ ಕಡೆಗಿರಬೇಕು, ಗಡಿಯಾರದ ಮುಳ್ಳು ಹೋದ ಹಾಗೆ ಸುತ್ತಿದರೆ ಪ್ರದಕ್ಷಿಣೆ, ಎದುರಾಗಿ ಸುತ್ತಿದರೆ ಬಂದ ಪುಣ್ಯವೂ ಹೋಗುತ್ತದೆ ಎಂದು ಪಾಠ ಹೇಳಿದಳು. ಪುಣ್ಯ ಹೋದೀತೆಂದು ನಾನು ಮೂರು ಸುತ್ತಿನ ಬದಲು ಐದು ಸುತ್ತು ಸುತ್ತಿದೆ. ಆಮೇಲೆ ಕೆಳಗೆ ಕೋಸಂಬರಿ ಕೊಡಿಸಿದರು. ಎರಡು ವಾರದ ಮೇಲೆ ಬಾಯಿಗೆ ಬಿದ್ದ ಮೊದಲ ಒಗ್ಗರಣೆ ಅದು, ಅಪ್ಪ ದೊನ್ನೆಯನ್ನು ಬೆರಳಿನಲ್ಲಿ ಒರೆಸಿ ಒರೆಸಿ ತಿಂದ.

ಅತ್ತೆ ಬಂದಳು, ಹೊಟ್ಟೆ ಮುಂದೆ, ಅವಳು ಹಿಂದೆ. ನಾನು ಕೋಣೆಯಲ್ಲಿ ಹಾಕಿದ್ದ ಮೂರು ಚೌಕಗಳನ್ನು ಅವಳ ಮಡಿಲಿನಲ್ಲಿಟ್ಟೆ. ನಿನ್ನ ಮಗುವಿಗೆ ಇಂಥವನ್ನೇ ಜೋಡಿಸಿ ತೊಟ್ಟಿಲಿಗೆ ಹಾಸು ಮಾಡಿಕೊಡುತ್ತೇನೆ, ನೀನು ತಡವಾಗಿ ಬರುವ ಹಾಗೆ ಮಾಡಿದ್ದಕ್ಕೆ ಎಂದೆ. ಅತ್ತೆ ನಗಲಿಲ್ಲ, ಮಾತು ಕೊಟ್ಟಿದ್ದೀಯ, ಮರೆಯಬೇಡ ಎಂದಳು. ಆವತ್ತಿನಿಂದ ಮನೆಗೆ ಮನೆಯೇ ಕ್ರೋಶಾಕ್ಕೆ ಬಿತ್ತು. ಅಮ್ಮ ಶಮೀಮ್ ಆಂಟಿಯ ಪಕ್ಕದಲ್ಲಿ ಕೂತು ಸರಿಯಾಗಿ ಕಲಿತು ಬಂದಳು. ಅತ್ತೆ ಅಮ್ಮನಿಂದ ಕಲಿತಳು. ಆಂಟಿಯೂ ಕೆಲವು ಚೌಕ ಹಾಕಿಕೊಡುತ್ತೇನೆಂದರು. ಒಟ್ಟು ಇಪ್ಪತ್ತನಾಲ್ಕು ಚೌಕ ಬೇಕು, ಎಲ್ಲಕ್ಕೂ ಅಂಚು ಬಿಳಿ, ಒಳಗಿನ ಬಣ್ಣ ಅವರವರ ಇಷ್ಟ ಎಂದು ತೀರ್ಮಾನವಾಯಿತು. ಅಮ್ಮ ಅರಿಸಿನ ಮತ್ತು ಹಸಿರು ಬಿಟ್ಟು ಆಚೀಚೆ ಸರಿಯುತ್ತಿರಲಿಲ್ಲ. ನಾನು ಗುಲಾಬಿಯ ಪಕ್ಕ ಕಿತ್ತಳೆ, ಕಿತ್ತಳೆಯ ಪಕ್ಕ ನೇರಳೆ ಇಟ್ಟು ಎಲ್ಲರ ಕಣ್ಣು ಕುಕ್ಕಿಸುತ್ತಿದ್ದೆ. ಅಭ್ಯಾಸವಾಗಿದ್ದ ಆ ಕಿಟಕಿಯ ಹತ್ತಿರ, ಮೂಟೆಗಳ ಮರೆಯಲ್ಲಿ ಕೂತರೆ ಮಾತ್ರ ನನಗೆ ಕೈ ಓಡುತ್ತಿತ್ತು. ಹಾಗಾಗಿ ನಾನು ಯಾವ ಕೈಯಲ್ಲಿ ಹಾಕುತ್ತೇನೆ ಅನ್ನುವುದನ್ನು ಅಜ್ಜಿ ನೋಡಿರಲಿಲ್ಲ. ಹೆಣ್ಣುಮಗು ಹುಟ್ಟಿತು. ಮನೆಯೆಲ್ಲ ಸಾಂಬ್ರಾಣಿ ಹೊಗೆ, ಮೆಂತ್ಯದ ವಾಸನೆ, ಒಣಗಲು ಹಾಕಿದ ಬಟ್ಟೆ. ಅವುಗಳ ನಡುವೆ ನನ್ನ ಎಂಟನೆಯ ಚೌಕವೂ ಮುಗಿಯಿತು.

ಐದನೇ ತಿಂಗಳಲ್ಲಿ ತಾಯಿ ಮಗುವನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವ ದಿನ ಗೊತ್ತಾಯಿತು. ಇನ್ನು ಒಂದು ವಾರವಿದೆ ಅನ್ನುವಾಗ, ಮಗುವಿಗೆಂದು ಒಂದು ಟೋಪಿ ಶುರುಮಾಡಿ, ಕರೆಂಟು ಹೋಗಿ ಕೋಣೆ ಕತ್ತಲಾಗಿದ್ದರಿಂದ ಬಾಗಿಲ ಮೆಟ್ಟಿಲಿಗೆ ಬಂದು ಕೂತೆ. ಅಜ್ಜಿ ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದಳು. ಸ್ವಲ್ಪ ಹೊತ್ತು ಅವಳ ಕೈ ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಇಷ್ಟೂನೂ ಎಡಗೈಲಿ ಹಾಕಿದ್ದಾ ನೀನು?"

ಹೂಂ ಎಂದೆ. ಸುಳ್ಳು ಹೇಳಲು ಅವಕಾಶವಿರಲಿಲ್ಲ, ಕಡ್ಡಿ ಎಡಗೈಯಲ್ಲೇ ಇತ್ತು. ಅಜ್ಜಿ ಎದ್ದು ಒಳಗೆ ಹೋಗಿ, ಅಮ್ಮ ಜೋಡಿಸಲೆಂದು ಸಾಲಾಗಿ ಹರವಿದ್ದ ಇಪ್ಪತ್ತನಾಲ್ಕು ಚೌಕಗಳಿಂದ ನನ್ನ ಎಂಟನ್ನು ಹೆಕ್ಕಿ ತೆಗೆದಳು. ಹುಡುಕುವ ಕಷ್ಟವೇ ಇರಲಿಲ್ಲ, ಆ ಬಣ್ಣಗಳೇ ನನ್ನ ಹೆಸರು ಹೇಳುತ್ತಿದ್ದವು.

"ಎಳೇ ಮಗೀನ ಮೈಗೆ ಎಡಗೈ ಕೆಲ್ಸ ತಾಕ್ಸ್ತಾರೇನೇ? ಬುಡು, ಇವು ಬ್ಯಾಡ."

ಬಲಗೈಯಲ್ಲಿ ಹಾಕು ನೋಡೋಣ ಎಂದಳು. ಹಾಕಿದೆ. ಎಣ್ಣೆಗೆ ಬಿದ್ದ ಹಪ್ಪಳದಂತೆ ನಾಲ್ಕೂ ಕಡೆಯಿಂದ ಮುದುರಿಕೊಂಡು ಬಂತು. ಅಮ್ಮ, ಹುಡುಗಿ ಆಸೆಯಿಂದ ಮಾಡಿದ್ದಾಳೆ ಎಂದು ಮೆತ್ತಗೆ ಹೇಳಿ ನೋಡಿದಳು. ಅಪ್ಪನನ್ನು ಪಂಚಾಯಿತಿಗೆ ಕರೆದರೆ ಅವನು ಪೇಪರನ್ನು ಇನ್ನೂ ಅಗಲವಾಗಿ ಬಿಡಿಸಿಕೊಂಡ. ಶಮೀಮ್ ಆಂಟಿ ಬಂದು, ಅವಳದೇನೂ ತಪ್ಪಿಲ್ಲ, ಎದುರಿಗೆ ಕೂರಿಸಿ ಕಲಿಸಿದ್ದು ನಾನು ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಅಜ್ಜಿ ಅವರನ್ನು ಕೂರಿಸಿ ಕಾಫಿ ಕೊಟ್ಟು, ಬೆಲ್ಲ ಕೊಬ್ಬರಿ ಕೊಟ್ಟು, ಅವರ ಮಾತನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ನಾನು ಮುದ್ದೆ ಮುಟ್ಟುವುದಿಲ್ಲವೆಂದು ಹಟ ಹಿಡಿದೆ. ಅತ್ತೆಗೆ ಕೊಟ್ಟ ಮಾತು ಏನಾಗಬೇಕು? ಎಂಟು ಚೌಕಗಳನ್ನು ಲಂಗದಲ್ಲಿ ಕಟ್ಟಿಕೊಂಡು ಮೂಟೆಗಳ ಹಿಂದೆ ಕೂತು ಸಾಕಾಗುವವರೆಗೆ ಅತ್ತುಬಿಟ್ಟೆ. ಅದೇ ಮಧ್ಯಾಹ್ನ ಬಸ್ಸಾರಿನ ಒಗ್ಗರಣೆ ವಾಸನೆಗೆ ಹಟ ಸ್ವಲ್ಪ ಸಡಿಲವಾಯಿತು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಅಜ್ಜಿಗೂ ಒಳಗೊಳಗೆ ಇರುಸುಮುರುಸಾಗಿತ್ತು ಎಂದು ಕಾಣುತ್ತದೆ. ಹದಿನಾರೇ ಚೌಕದ ಹಾಸು ತೊಟ್ಟಿಲಿಗೆ ಗಿಡ್ಡ, ಕಳಿಸುವ ಗಡಿಬಿಡಿಯಲ್ಲಿ ಹೊಸದಾಗಿ ಎಂಟು ಹಾಕಲು ಯಾರಿಗೂ ಹೊತ್ತಿಲ್ಲ, ಬೀಗರ ಮುಂದೆ ಅರೆಬರೆ ಕಳಿಸುವಂತಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ನನ್ನದೊಂದು ಚೌಕ, ಅಮ್ಮನದೊಂದು ಚೌಕ ಹಿಡಿದು ಬಿಸಿಲಿಗೆ ಹೋದಳು. ಬಲಗೈಯವರು ಹಾಕಿದ ಚೌಕದಲ್ಲಿ ಕಂಬಗಳು ನಡುವಿನಿಂದ ಸುತ್ತುತ್ತಾ ಒಂದು ಕಡೆಗೆ ವಾಲಿರುತ್ತವೆ, ಎಡಗೈಯವರದರಲ್ಲಿ ಇನ್ನೊಂದು ಕಡೆಗೆ. ಅಜ್ಜಿ ಬೆರಳಿಟ್ಟು ಎರಡನ್ನೂ ಸುತ್ತಿ ಸುತ್ತಿ ನೋಡಿದಳು. ಕೊನೆಗೆ ನನ್ನದನ್ನು ಮಗುಚಿ ಹಾಕಿದಳು. ಮತ್ತೆ ಬೆರಳಿಟ್ಟಳು. ಈಗ ಎರಡೂ ಒಂದೇ ಕಡೆಗೆ ಸುತ್ತುತ್ತಿದ್ದವು.

"ನೋಡು, ತಿರುವಿ ಹೊಲುದ್ರೆ ಎಡಗೈದು ಬಲಗೈದಾಯ್ತದೆ. ಇನ್ನೇನ್ ದೋಸಿಲ್ಲ, ಹೊಲೀರಿ."

ಮನೆಯವರೆಲ್ಲ ಉಸಿರು ಬಿಟ್ಟರು. ಹಾಸು ಮುಗಿಯಿತು. ಅತ್ತೆ ಚಿಗಳಿ ತಂಬಿಟ್ಟಿನ ಡಬ್ಬ, ತೊಟ್ಟಿಲು, ಮಗು ಎಲ್ಲದರ ಜೊತೆ ಅದನ್ನೂ ತೆಗೆದುಕೊಂಡು ಕುಣಿಗಲ್ಲಿಗೆ ಹೊರಟಳು. ಕೊಟ್ಟ ಮಾತು ಉಳಿದಂತಾಯಿತು, ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹಾಸಿನ ಮುಖದಲ್ಲಿ ಅಮ್ಮ, ಅತ್ತೆ, ಆಂಟಿ ಹಾಕಿದ್ದೆಲ್ಲ ಮುಖ ಮೇಲೆ ಮಾಡಿ ನಗುತ್ತಿದ್ದವು. ನನ್ನವು ಎಂಟು ಮಾತ್ರ ಬೆನ್ನು ತೋರಿಸಿಕೊಂಡು ಮಲಗಿದ್ದವು. ಬಣ್ಣ ಬದಲಾಯಿಸುವಾಗಲೆಲ್ಲ ಹಿಂದುಗಡೆ ಹಾಕಿದ ದಪ್ಪ ಗಂಟುಗಳು, ಕತ್ತರಿಸಲು ಮರೆತ ದಾರದ ಬಾಲಗಳು, ಎಲ್ಲ ಊರಿಗೇ ಕಾಣುವಂತೆ ಮೇಲೆ. ಚೆನ್ನಾಗಿ ಬಂದದ್ದೆಲ್ಲ ಕೆಳಗೆ. ಯಾರಾದರೂ ನೋಡಿದರೆ ಇವೆಂಟನ್ನು ಹಾಕಿದ ದರಿದ್ರದವಳು ಯಾರು ಎಂದು ಕೇಳುತ್ತಾರೆ, ಅತ್ತೆ ನನ್ನ ಹೆಸರು ಹೇಳಬೇಕಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಅತ್ತೆಯ ಮುಖ ನೋಡದೆ ಮಗುವಿನ ಕಾಲು ಹಿಡಿದುಕೊಂಡು ನಿಂತಿದ್ದೆ.

ಮಗುವಿಗೆ ವರ್ಷ ತುಂಬಿದಾಗ ಅಜ್ಜಿ ನನ್ನನ್ನೂ ಕರೆದುಕೊಂಡು ಕುಣಿಗಲ್ಲಿಗೆ ಹೋದಳು. ಬಸ್ಸು ಕೆರೆ ಏರಿಯ ಹತ್ತಿರ ಬರುತ್ತಿದ್ದಂತೆ ನಾನು ಸೀಟಿನಲ್ಲೇ ಕೈ ಮುಗಿದೆ. ಆ ಹಾಸು ಕಣ್ಣಿಗೆ ಬೀಳದಿರಲಿ, ಹಳೆಯ ಟ್ರಂಕಿನಲ್ಲಿ ಹೂತುಹೋಗಿರಲಿ ಎಂದು ಬೇಡಿಕೊಂಡೆ. ಅತ್ತೆಯ ಮನೆ ಹೊಕ್ಕರೆ ನಡುಮನೆಯಲ್ಲೇ, ಬಂದವರೆಲ್ಲ ದಾಟಿ ಹೋಗುವ ಜಾಗದಲ್ಲಿ, ಅದನ್ನು ಹಾಸಿ ಮಗುವನ್ನು ಕೂರಿಸಿದ್ದರು. ಗುಲಾಬಿ, ಕಿತ್ತಳೆ, ನೇರಳೆ. ನಾನು ನಿಂತಲ್ಲೇ ನಿಂತೆ. ನನ್ನ ಎಂಟು ಚೌಕಗಳೂ ಮುಖ ಮೇಲೆ ಮಾಡಿಕೊಂಡಿದ್ದವು, ಗಂಟು ಒಂದೂ ಕಾಣುತ್ತಿರಲಿಲ್ಲ. ಮಿಕ್ಕ ಹದಿನಾರು ಬೆನ್ನು ತೋರಿಸಿದ್ದವು. ಅತ್ತೆ ಇಡೀ ಹಾಸನ್ನೇ ತಿರುವಿ ಹಾಸಿದ್ದಳು. ಮಗು ನನ್ನ ಒಂದು ನೇರಳೆ ಚೌಕದ ಮೇಲೆ ಕೂತು, ಇನ್ನೊಂದರ ಮೂಲೆಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿತ್ತು.

ಅಜ್ಜಿ ಚೀಲ ಕೆಳಗಿಡುವ ಮೊದಲೇ, ಇದೇನು ಉಲ್ಟಾ ಹಾಸಿದ್ದೀಯಲ್ಲೇ ಎಂದು ಶುರುಮಾಡಿದಳು. ಅತ್ತೆ ಅವಳ ಕೈ ಹಿಡಿದು ಹಾಸಿನ ಪಕ್ಕದಲ್ಲಿ ಕೂರಿಸಿಕೊಂಡಳು. ಅಜ್ಜಿಯದೇ ತೋರುಬೆರಳನ್ನು ಹಿಡಿದು ನನ್ನ ಚೌಕದ ನಡುವಿಗಿಟ್ಟು, ಕಂಬ ವಾಲಿದ ಕಡೆಗೇ ಸುತ್ತಿಸಿದಳು. ಒಂದು ಸುತ್ತು, ಎರಡು ಸುತ್ತು, ಗಡಿಯಾರದ ಮುಳ್ಳಿನಂತೆ. ಆಮೇಲೆ ಪಕ್ಕದ ಅಮ್ಮನ ಚೌಕದ ಬೆನ್ನಿನ ಮೇಲೂ ಸುತ್ತಿಸಿದಳು. ಅದೂ ಹಾಗೆಯೇ ಹೋಯಿತು.

"ಹಿಂಗ್ ಹಾಸಿದ್ರೆ ಇಪ್ಪತ್ನಾಲ್ಕೂ ಪ್ರದಕ್ಷಿಣೆ ಬರ್ತವೆ ಕಣಮ್ಮ. ನೀನ್ ಹೇಳ್ದಂಗೆ ಹಾಸಿದ್ರೆ ಎಲ್ಲಾ ಅಪ್ರದಕ್ಷಿಣೆ. ಮಗೀಗ್ ಯಾವ್ದು ಒಳ್ಳೇದು, ನೀನೇ ಹೇಳು."

ಅಜ್ಜಿ ಬೆರಳನ್ನು ಬಿಡಿಸಿಕೊಂಡು ತಾನೇ ಒಂದು ಸುತ್ತು ಸುತ್ತಿ ನೋಡಿದಳು. ಇನ್ನೊಂದು ಚೌಕಕ್ಕೆ ಹೋದಳು, ಅಲ್ಲೂ ಅದೇ. ಕೊನೆಗೆ, ಬಂದು ಇಷ್ಟೊತ್ತಾಯಿತು, ಒಂದು ಲೋಟ ನೀರು ಕೊಡುವವರಿಲ್ಲವೇ ಎಂದು ಕೇಳಿದಳು. ನಾನು ಅಡುಗೆಮನೆಗೆ ಓಡಿದೆ. ಅತ್ತೆಯೂ ಹಿಂದೆಯೇ ಬಂದಳು. ಬಿಂದಿಗೆಯಿಂದ ನೀರು ಬಗ್ಗಿಸುತ್ತಾ, ಪ್ರದಕ್ಷಿಣೆ ಬರಲಿ ಎಂದೇ ಹಾಗೆ ಹಾಸಿದೆಯಾ ಎಂದು ಕೇಳಿದೆ.

"ಅದು ಹೋದ್ ವಾರ ಹೊಳೀತು. ಬಂದ್ ದಿನದಿಂದ್ಲೂ ಹಿಂಗೇ ಹಾಸ್ತಿದೀನಿ. ನಿನ್ ಕೈದು ಮೇಲಿರ್ಲಿ ಅಂತ, ಅಷ್ಟೇ."

ಹೇಳಿ, ನನ್ನ ಜಡೆಗಳನ್ನು ನೋಡಿ, ಇದೇನೇ ಅವತಾರ ಎಂದು ಅಲ್ಲೇ ನಿಲ್ಲಿಸಿಕೊಂಡು ಎರಡನ್ನೂ ಬಿಚ್ಚಿ ಹೆಣೆಯತೊಡಗಿದಳು. ನನಗೆ ಅಳು ಬಂದದ್ದು ಅವಳಿಗೆ ಕಾಣಲಿಲ್ಲ, ಅವಳು ಹಿಂದೆ ನಿಂತಿದ್ದಳು. ಅಷ್ಟು ಸಂತೋಷ ನನಗೆ ಆಮೇಲೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿಲ್ಲ. ಅಜ್ಜಿ ನೀರಿಗಾಗಿ ಇನ್ನೊಂದು ಸಲ ಕೂಗಬೇಕಾಯಿತು.

ತುಮಕೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ನನ್ನ ಪಕ್ಕದಲ್ಲಿ ಕೂತಿದ್ದಳು. ತೊಡೆಯ ಮೇಲೆ ಸೀರೆಯ ನೆರಿಗೆಗೆ ಬೆರಳಿಟ್ಟು ಆಗಾಗ ಒಂದು ಸುತ್ತು ಹಾಕುತ್ತಿದ್ದಳು. ಮಾರನೆಯ ದಿನ ನಾನು ಸ್ಕೂಲಿನಿಂದ ಬಂದಾಗ ದೇವರ ಮಣೆಯನ್ನು ತೊಳೆದು ಬಿಸಿಲಿಗಿಟ್ಟಿದ್ದಳು. ಅದರ ಮೇಲೆ ಹಾಸಲು ಒಂದು ಚೌಕ ಬೇಕು, ಹಾಕಿಕೊಡು ಎಂದಳು. ಕೆಂಪು, ಅರಿಸಿನ ಎರಡು ಉಂಡೆಗಳನ್ನು ಅವಳೇ ಶಮೀಮ್ ಆಂಟಿಯ ಮನೆಗೆ ಹೋಗಿ ಕೇಳಿ ತಂದಿದ್ದಳು. ದೇವರ ಕೆಲಸ, ಕೇಳುತ್ತಿರುವವಳು ಅಜ್ಜಿ. ನಾನು ಬುದ್ಧಿವಂತೆಯಂತೆ ಕೈಕಾಲು ತೊಳೆದು ಬಂದು, ಹಪ್ಪಳವಾದರೆ ಆಗಲಿ ಎಂದು ಧೈರ್ಯ ಮಾಡಿ ಕಡ್ಡಿಯನ್ನು ಬಲಗೈಗೆ ತೆಗೆದುಕೊಂಡೆ. ಅಜ್ಜಿ ನೋಡಿದಳು. ನನ್ನ ಬಲಗೈಯಿಂದ ಕಡ್ಡಿಯನ್ನು ತೆಗೆದು, ಎಡಗೈಯ ಬೆರಳುಗಳನ್ನು ಬಿಡಿಸಿ, ಅದರೊಳಗಿಟ್ಟು ಮುಚ್ಚಿದಳು.

"ಇದ್ರಲ್ಲೇ ಹಾಕು. ಪ್ರದಕ್ಷಿಣೆ ಬರ್ಬೇಕಲ್ಲ."